ಆ ಕಡೆ ನಿಂತವಳು

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಹೊಗಳದವರಿಲ್ಲ. ನನ್ನ ಮೂಗಿನ ಹಣೆಬರಹ ಬೇರೆ. ಒದ್ದೆ ಮಣ್ಣಿನ ಜೊತೆಗೆ ಸುಟ್ಟ ಕೇಬಲ್ಲಿನ ವಾಸನೆಯೂ ಸೇರಿದರೇ ನನಗೆ ಮಳೆಗಾಲ ಬಂದಂತೆ. ಮೊನ್ನೆ ಮಗಳು ಸಹನಾಳ ಸ್ಕೂಟರಿನ ಹಿಂದೆ ಕೂತು ಸುಂಕದಕಟ್ಟೆಯ ಮೇಲೆ ಬರುತ್ತಿದ್ದೆ. ಮಾಗಡಿ ರಸ್ತೆಯ ಫುಟ್‌ಪಾತಿನಲ್ಲಿ ಯಾರೋ ಗುಂಡಿ ತೋಡಿದ್ದರು. ಹಾದುಹೋಗುವಾಗ ಆ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು.

"ಒಂದ್ನಿಮಿಷ ನಿಲ್ಸಮ್ಮ," ಅಂದೆ.

"ಬೇಡಪ್ಪಾ. ಪಕ್ಕದ ಮನೆ ಆಂಟಿ ಎಷ್ಟೊತ್ತು ಅಂತ ಅಮ್ಮನ್ನ ನೋಡ್ಕೋತಾರೆ?" ಎಂದವಳೇ ಗಾಡಿಯ ವೇಗ ಹೆಚ್ಚಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಗಾಡಿ ನಿಲ್ಲದಿದ್ದರೂ ನಾನು ಮಾತ್ರ ಅಲ್ಲೇ ಇಳಿದುಬಿಟ್ಟಿದ್ದೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲಕ್ಕೆ, ಹೆಂಡತಿ ಗಿರಿಜಾ ಮತ್ತು ನಾನು ಜೊತೆಯಾಗಿ ಕೆಲಸ ಮಾಡಿದ ಕೊನೆಯ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ನೆಲದಡಿ ಹೂತ ಕೇಬಲ್ಲಿನಲ್ಲಿ ಫಾಲ್ಟ್ ಎಲ್ಲಿದೆ ಎಂದು ಹುಡುಕಿಕೊಡುವುದು ನನ್ನ ಕಸುಬಾಗಿತ್ತು. ರಾಜಾಜಿನಗರದ ಸಣ್ಣ ಕಾರ್ಖಾನೆಗಳು, ವಿಜಯನಗರ, ಬಸವೇಶ್ವರನಗರದ ಅಪಾರ್ಟ್‌ಮೆಂಟುಗಳು, ಕೆಂಗೇರಿಯ ತನಕ ಎಲ್ಲಿಂದ ಫೋನ್ ಬಂದರೂ ಹೋಗುತ್ತಿದ್ದೆ. ಮಳೆ ಬಂತೆಂದರೆ ನನಗೆ ಮದುವೆ ಸೀಸನ್ನಿನ ಓಲಗದವರಷ್ಟೇ ಬೇಡಿಕೆ. ನೆಲದಲ್ಲಿ ನೀರಿಳಿದು, ಎಲ್ಲೋ ಒಂದು ಕಡೆ ಕೇಬಲ್ ಸುಟ್ಟು, ಪಂಪು ನಿಂತು, ಜನ ಕೂಗಾಡಲು ಶುರುಮಾಡುತ್ತಿದ್ದರು. ಆಗ ಇಡೀ ಅಂಗಳ ಅಗೆಯುವ ಬದಲು ನನ್ನನ್ನು ಕರೆಸುತ್ತಿದ್ದರು.

ನನ್ನ ಕೈಯಲ್ಲೊಂದು ಹಳದಿ ಡಬ್ಬಿ ಇರುತ್ತಿತ್ತು. ಅದೇ ಟೆಸ್ಟರ್. ಅಂಗೈಗಿಂತ ತುಸು ದೊಡ್ಡದು, ಮೇಲೆ ಪುಟ್ಟ ಪರದೆ. ಕೇಬಲ್ಲಿನ ಎರಡು ಎಳೆಗಳಿಗೆ ಅದನ್ನು ಸಿಕ್ಕಿಸಿದರೆ ಅದು ಒಳಗೆ ಒಂದು ಸಣ್ಣ ಮಿಡಿತ ಕಳಿಸುತ್ತದೆ. ಬಾವಿಗೆ ಬಗ್ಗಿ ಕೂಗಿದರೆ ದನಿ ವಾಪಸ್ ಬರುವ ಹಾಗೆ ಆ ಮಿಡಿತ ವಾಪಸ್ ಬರುತ್ತದೆ. ಎಳೆ ತುಂಡಾಗಿದ್ದರೆ ಪರದೆಯ ಗೆರೆ ಮೇಲೇಳುತ್ತದೆ, ಎರಡು ಎಳೆ ಒಂದಕ್ಕೊಂದು ತಗುಲಿದ್ದರೆ ಕೆಳಗಿಳಿಯುತ್ತದೆ. ಎಷ್ಟು ಮೀಟರ್ ದೂರದಲ್ಲಿ ಎಂಬುದನ್ನೂ ತೋರಿಸುತ್ತದೆ.

ಆದರೆ ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಕೇಬಲ್ಲಿಗೆ ಎರಡು ತುದಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ, ಅಂದರೆ ಕರೆಂಟು ಬರುವ ಬೋರ್ಡಿನ ಮುಂದೆ, ನಮ್ಮವರೊಬ್ಬರು. ಕೆಟ್ಟ ಎಳೆಯನ್ನು ನೋಡುವ ಮೊದಲು ಒಳ್ಳೆಯ ಎರಡು ಎಳೆಗಳಲ್ಲಿ ಆ ಕಡೆಯವರನ್ನು ಮಾತಾಡಿಸಬೇಕು. ಫೋನಿನಲ್ಲಿ "ಸೇರಿಸು" ಎಂದರೆ ಅವರು ಕ್ಲಿಪ್ ಹಾಕಿ ಎಳೆಗಳನ್ನು ಸೇರಿಸುತ್ತಾರೆ, ನನ್ನ ಪರದೆಯ ಗೆರೆ ಇಳಿಯುತ್ತದೆ. "ಬಿಚ್ಚು" ಎಂದರೆ ಬಿಚ್ಚುತ್ತಾರೆ, ಗೆರೆ ಏಳುತ್ತದೆ. ಹಾಗಾದರೆ ನಾನು ಹಿಡಿದಿರುವುದು ಅದೇ ಕೇಬಲ್, ಆ ತುದಿಯಲ್ಲಿರುವುದು ನಮ್ಮವರೇ ಎಂದು ಖಾತ್ರಿ.

ನನ್ನ ಜೊತೆಗಿದ್ದ ಸಹಾಯಕ ಕೆಲಸ ಬಿಟ್ಟು ಕ್ಯಾಬ್ ಓಡಿಸಲು ಹೋದಾಗ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಗಿರಿಜಾ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಆ ಕಡೆ ನಿಂತ್ಕೊಳ್ಳೋಕೆ ಏನು ಡಿಗ್ರಿ ಬೇಕಾ? ನೀವು ಹೇಳಿದ್ದು ಕೇಳ್ಕೊಂಡು ಸುಮ್ನೆ ನಿಲ್ಲೋದು ತಾನೇ? ನಿಮ್ಮನ್ನ ಕಟ್ಕೊಂಡಾಗಿಂದ ನಾನು ಮಾಡ್ತಿರೋದು ಅದೇ ಅಲ್ವಾ?" ಅಂದಳು.

ಹಾಗೆ ಬಂದವಳು ಉಳಿದುಬಿಟ್ಟಳು. ಅವಳಿಗೆ ಕಲಿಸುವುದು ಕಷ್ಟವಾಗಲಿಲ್ಲ. ಬ್ಲೌಸ್ ಹೊಲಿಯುವವರಿಗೆ ಒಂದು ಎಳೆ ಆಚೀಚೆಯಾದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮಾಡಿದ್ದು ಎರಡು ಕಟ್ಟಳೆ. ಒಂದು, ಬೋರ್ಡಿನ ಹಿಡಿ ಕೆಳಗಿಳಿಸಿ, ಪಿಂಗಾಣಿ ಫ್ಯೂಸುಗಳನ್ನು ಕಿತ್ತು ತನ್ನ ಚೀಲದಲ್ಲಿ ಹಾಕಿಕೊಳ್ಳಬೇಕು. ಕೆಲಸ ಮುಗಿಯಿತು ಎಂದು ನನ್ನ ಬಾಯಿಂದ ಕೇಳುವ ತನಕ ದೇವರೇ ಬಂದು ಕೇಳಿದರೂ ಕೊಡಬಾರದು. ಎರಡು, ಫೋನಿನಲ್ಲಿ ನಾನು ಹೇಳಿದ್ದನ್ನು ಪೂರ್ತಿಯಾಗಿ ತಿರುಗಿ ಹೇಳಬೇಕು. "ಹೂಂ", "ಆಯ್ತು" ನಡೆಯುವುದಿಲ್ಲ. "ಸೇರಿಸು" ಎಂದರೆ "ಸೇರಿಸಿದೀನಿ" ಎನ್ನಬೇಕು.

ಮಹಾಲಕ್ಷ್ಮಿ ಲೇಔಟಿನಲ್ಲಿ ಒಬ್ಬ ಮನೆಯೊಡೆಯರು ಟಿ.ವಿ. ನೋಡಲಾಗದ ಸಿಟ್ಟಿಗೆ ಅವಳ ಮೇಲೆ ರೇಗಿದ್ದರಂತೆ. "ನಮ್ಮನೆ ಫ್ಯೂಸ್ ಕಣಮ್ಮ ಅದು, ಕೊಡು ಈಚೆ!"

"ಫ್ಯೂಸ್ ನಿಮ್ದೇ ಸಾರ್. ಗಂಡ ನನ್ನೋನು," ಎಂದಿದ್ದಳು ಗಿರಿಜಾ, ಚೀಲವನ್ನು ಹೆಗಲ ಮೇಲೆ ಇನ್ನಷ್ಟು ಎಳೆದುಕೊಂಡು. ಆಮೇಲೆ ಆ ಮನುಷ್ಯ ತಾವೇ ಅವಳಿಗೆ ಕಾಫಿ ತಂದುಕೊಟ್ಟರು.

ನನಗೊಂದು ಹಳೆಯ ಅಭ್ಯಾಸವೂ ಇತ್ತು. ಕೇಬಲ್ ಮುಟ್ಟುವ ಮೊದಲು ಕರೆಂಟ್ ಇದೆಯೋ ಇಲ್ಲವೋ ತೋರಿಸುವ ಇನ್ನೊಂದು ಸಣ್ಣ ಟೆಸ್ಟರನ್ನು ಕರೆಂಟ್ ಇರುವಲ್ಲಿ ಇಟ್ಟು, ಅದರ ದೀಪ ಉರಿಯುವುದನ್ನು ನೋಡಿ, ಆಮೇಲೆ ಕೇಬಲ್ಲಿಗಿಟ್ಟು, ಮತ್ತೆ ಕರೆಂಟ್ ಇರುವಲ್ಲಿ ಇಟ್ಟು ನೋಡುತ್ತಿದ್ದೆ. ಗುಂಡಿಯಿಂದ ಒಂದು ಸಲ ಎದ್ದು ಹೋಗಿ ಬಂದರೂ ಇದೆಲ್ಲ ಮೊದಲಿನಿಂದ. ಗಿರಿಜಾ ಇರುವಾಗ ಇದು ಬರೀ ಶಾಸ್ತ್ರ ಎಂದೇ ನನಗೆ ಅನ್ನಿಸುತ್ತಿತ್ತು. ಆದರೂ ಬಿಟ್ಟಿರಲಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು, ಬಿಡುವುದು ಮರೆಯಿತು. ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಪಂಪಿನ ಕೇಬಲ್ ಕೆಟ್ಟಿತ್ತು. ನಾನು ಪಂಪಿನ ಹತ್ತಿರ ಕೂತು ಫೋನಿನಲ್ಲಿ "ಸೇರಿಸು" ಎಂದೆ.

"ಸೇರಿಸಿದೀನಿ," ಎಂದಳು.

ಗೆರೆ ಇಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. "ಸೇರಿಸಿದೀನಿ ಕಣ್ರೀ," ಎಂದಳು. ಗೆರೆ ಅಲ್ಲಾಡಲಿಲ್ಲ. ಒಳ್ಳೆಯ ಎಳೆಯೂ ಹೋಯಿತೇನೋ ಎಂದು ಛತ್ರಿ ಹಿಡಿದು ಆ ಕಡೆ ನಡೆದೆ. ಹೋಗಿ ನೋಡಿದರೆ ಕ್ಲಿಪ್ ಅವಳ ಕೈಯಲ್ಲೇ ಇತ್ತು.

"ಬಿಚ್ಚು ಅಂದ್ರಲ್ಲ, ಈಗ ತಾನೇ ಬಿಚ್ದೆ," ಎಂದಳು. ಇರಬಹುದು ಎಂದುಕೊಂಡೆ. ಮಳೆ ಸದ್ದಿನಲ್ಲಿ ಯಾರು ಏನು ಅಂದರೋ ಯಾರಿಗೆ ಗೊತ್ತು.

ಮುಂದೆ ರಾಜಾಜಿನಗರದ ಒಂದು ಮುದ್ರಣಾಲಯದಲ್ಲಿ ಹಾಗೇ ಆಯಿತು. ವಿಜಯನಗರದ ಕಲ್ಯಾಣಮಂಟಪವೊಂದರಲ್ಲೂ ಆಯಿತು. ಈ ಸಲ ನಾನು ಹೋಗುವಷ್ಟರಲ್ಲಿ ಕ್ಲಿಪ್ ಸರಿಯಾದ ಜಾಗದಲ್ಲೇ ಇತ್ತು. ಹಾಗಾದರೆ ಕೆಟ್ಟಿರುವುದು ಟೆಸ್ಟರೇ ಎಂದು ತೀರ್ಮಾನಿಸಿದೆ. ಬ್ಯಾಟರಿ ಬದಲಾಯಿಸಿದೆ. ವಯರುಗಳನ್ನು ಹೊಸದಾಗಿ ತಂದೆ. ಗಿರಿಜಾ ಕೂಡ ನನ್ನ ಜೊತೆ ಸೇರಿ ಅದಕ್ಕೆ ಬೈದಳು. "ಹಾಳಾದ್ದು, ನಾನು ಸೇರ್ಸಿದ್ರೂ ಸೇರ್ಸಿಲ್ಲ ಅನ್ನುತ್ತೆ. ನನ್ನೇ ಸುಳ್ಳಿ ಮಾಡುತ್ತೆ ನೋಡಿ!"

ಕೊನೆಗೆ ಪೇಟೆಯ ರಿಪೇರಿ ಅಂಗಡಿಗೆ ಕೊಟ್ಟೆ. ಅಲ್ಲಿಯವನು ಅದನ್ನು ತನ್ನ ಹತ್ತಿರವಿದ್ದ ಉದ್ದನೆಯ ಕೇಬಲ್ ಸುರುಳಿಗೆ ಸಿಕ್ಕಿಸಿ, ಸೇರಿಸಿ, ಬಿಚ್ಚಿ, ನನ್ನ ಮುಂದೆಯೇ ತೋರಿಸಿದ. ಗೆರೆ ಇಳಿಯಿತು, ಏರಿತು.

"ಸೂಪರಾಗಿದೆ ಸಾರ್ ಮಿಷಿನ್ನು. ಏನೂ ಆಗಿಲ್ಲ. ಆ ಕಡೆ ಯಾರಿದ್ರು?"

"ನನ್ನ ಹೆಂಡ್ತಿ ಇದ್ಳು," ಎಂದೆ.

ಅವನು ಟೆಸ್ಟರನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ಅವನು ಸರಿಸಿದ ರೀತಿಗೆ ನನಗೆ ಮೈ ಉರಿದುಹೋಯಿತು. ನೀನು ಹುಟ್ಟುವ ಮೊದಲಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ, ನಿನಗೆ ಮಿಷಿನ್ ನೋಡಲು ಬರುವುದಿಲ್ಲ ಎಂದು ಕೂಗಾಡಿ ಎದ್ದು ಬಂದೆ. ಮಾರನೆಯ ವಾರ ಬೇರೆ ಅಂಗಡಿಗೆ ಕೊಟ್ಟೆ. ಅಲ್ಲೂ ಅದೇ ಮಾತು. ಮೂವತ್ತು ವರ್ಷ ಮೀಟರುಗಳನ್ನು ನಂಬಿ ಬದುಕಿದವನು ಆ ಮಳೆಗಾಲ ಪೂರ್ತಿ ಒಂದು ಮೀಟರಿನ ಜೊತೆ ಜಗಳವಾಡಿದೆ. ಅದು ಸರಿಯಾಗಿದೆ ಎಂದು ಒಪ್ಪಿದರೆ ಇನ್ನೇನನ್ನು ಒಪ್ಪಬೇಕಾಗುತ್ತದೆ ಎಂದು ಒಳಗೆಲ್ಲೋ ನನಗೆ ಗೊತ್ತಿತ್ತೆಂದು ಕಾಣುತ್ತದೆ.

ಸಹನಾ ಒಂದು ದಿನ ನನ್ನನ್ನು ಮಹಡಿಗೆ ಕರೆದುಕೊಂಡು ಹೋದಳು. "ಅಪ್ಪಾ, ಅಮ್ಮ ನಿನ್ನೆ ಬ್ಲೌಸ್‌ಗೆ ಮೂರು ತೋಳು ಕಟ್ ಮಾಡಿ ಇಟ್ಟಿದಾಳೆ. ನಾನು ಕೇಳಿದ್ರೆ ನಗ್ತಾಳೆ."

"ಕಣ್ಣಿನ ಪವರ್ ಹೆಚ್ಚಾಗಿರ್ಬೇಕು ಕಣೇ. ಮಳೆ ನಿಲ್ಲಲಿ, ಕನ್ನಡಕ ಮಾಡಿಸ್ತೀನಿ," ಎಂದೆ. ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು. ನಾನು ಮೆಟ್ಟಿಲಿಳಿದುಬಿಟ್ಟೆ.

ಆಮೇಲೆ ಹೆಗ್ಗನಹಳ್ಳಿ. ಪ್ಲಾಸ್ಟಿಕ್ ಡಬ್ಬಿ ಮಾಡುವ ಒಂದು ಸಣ್ಣ ಕಾರ್ಖಾನೆ. ಮುಂದಿನ ಗೇಟಿನ ಬೋರ್ಡಿನಿಂದ ಹಿಂದಿನ ಶೆಡ್ಡಿಗೆ ಹೋಗುವ ಕೇಬಲ್ ಎಲ್ಲೋ ಸುಟ್ಟಿತ್ತು. ಕಾರ್ಖಾನೆಯ ಯಜಮಾನರು ಶ್ರೀಧರ್ ಎಂದು, ಸಭ್ಯಸ್ಥರು. ಆ ದಿನ ಎಲ್ಲ ಹೂವೆತ್ತಿದಂತೆ ನಡೆಯಿತು. ಗಿರಿಜಾ ಫ್ಯೂಸ್ ಕಿತ್ತು ಚೀಲಕ್ಕೆ ಹಾಕಿದ್ದನ್ನು ನಾನೇ ನೋಡಿದೆ. ಸೇರಿಸು ಎಂದಾಗ ಗೆರೆ ಇಳಿಯಿತು, ಬಿಚ್ಚು ಎಂದಾಗ ಏರಿತು. ನೋಡಿದೆಯಾ, ಹೊಸ ವಯರು ಹಾಕಿದ್ದು ಫಲ ಕೊಟ್ಟಿತು ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ಟೆಸ್ಟರ್ ತೋರಿಸಿದ ಜಾಗದಲ್ಲಿ ಅಗೆಸಿದರೆ ಸುಟ್ಟ ಕೇಬಲ್ ಅಲ್ಲೇ ಸಿಕ್ಕಿತು. ಕರೆಂಟ್ ಇಲ್ಲವೆಂದು ನೋಡಿ, ಸುಟ್ಟ ಭಾಗ ಕತ್ತರಿಸಿ, ಜೋಡಿಸಲು ಎಳೆಗಳ ಸಿಪ್ಪೆ ಸುಲಿದು ನೀರಿಗೆ ತಗುಲದ ಹಾಗೆ ಎತ್ತಿಟ್ಟೆ. ಅಷ್ಟರಲ್ಲಿ ಜೋರು ಮಳೆ ಬಂತು. ಗುಂಡಿಯ ಮೇಲೆ ಟಾರ್ಪಾಲು ಎಳೆದು ಶೆಡ್ಡಿನೊಳಗೆ ಹೋಗಿ ಟೀ ಕುಡಿದೆ.

ಮಳೆ ತಗ್ಗಿದ ಮೇಲೆ ಮತ್ತೆ ಗುಂಡಿಗೆ ಇಳಿದೆ. ಸಣ್ಣ ಟೆಸ್ಟರನ್ನು ಬರಿ ಎಳೆಗೆ ಮುಟ್ಟಿಸಿದೆ. ದೀಪ ಉರಿಯಿತು.

ನಾನು ಹೇಳಬೇಕಾದದ್ದು ಆ ಗಳಿಗೆಯನ್ನು. ದೀಪ ಉರಿಯುತ್ತಿದೆ, ಕಣ್ಣಿಗೆ ಕಾಣುತ್ತಿದೆ, ಆದರೂ ನನ್ನ ಮನಸ್ಸಿಗೆ ಮೊದಲು ಬಂದದ್ದು 'ಥೂ, ಇದೂ ಕೆಟ್ಟಿತಾ' ಎಂಬ ಮಾತು. ಅಷ್ಟು ದಿನ ಟೆಸ್ಟರುಗಳಿಗೆ ಬೈದು ಬೈದು ನಾಲಿಗೆಗೆ ಅದೇ ರೂಢಿಯಾಗಿತ್ತು. ಎಡಗೈ ಆಗಲೇ ಎಳೆಯ ಕಡೆ ಚಾಚಿತ್ತು. ಗೇಣಿನ ಅಂತರ. ಮೊಣಕಾಲ ತನಕ ನೀರು. ಯಾವ ಪುಣ್ಯವೋ, ಶೆಡ್ಡಿನ ಕಡೆಯಿಂದ ಶ್ರೀಧರ್ ಕೂಗಿದರು, "ನಂಜುಂಡಣ್ಣ, ಗೇಟ್ ಹತ್ರ ಲೈಟ್ ಬಂತಲ್ಲ, ಆಗೋಯ್ತಾ?"

ಕೈ ಹಿಂದಕ್ಕೆಳೆದುಕೊಂಡೆ. ಗುಂಡಿಯಿಂದ ಹೇಗೆ ಮೇಲೆ ಬಂದೆನೋ ಗೊತ್ತಿಲ್ಲ. ಯಾರೂ ಹತ್ತಿರ ಬರಬೇಡಿ ಎಂದು ಕೂಗುತ್ತ ಗೇಟಿನ ಕಡೆ ಓಡಿದೆ. ಬೋರ್ಡಿನ ಹಿಡಿ ಮೇಲಿತ್ತು. ಫ್ಯೂಸುಗಳು ಅವುಗಳ ಜಾಗದಲ್ಲಿದ್ದವು. ಮೊದಲು ಹಿಡಿಯನ್ನು ಕೆಳಗೆಳೆದೆ.

ಗಿರಿಜಾ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಖಾಲಿ ಚೀಲವನ್ನು ನೀಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು. ನನ್ನನ್ನು ನೋಡಿ ಮುಖ ಅರಳಿತು.

"ಬಂದ್ರಾ? ಬೇಗ ಮುಗೀತು ಇವತ್ತು. ಹೋಗ್ತಾ ಸೊಪ್ಪು ತಗೊಂಡು ಹೋಗೋಣ," ಎಂದಳು.

ನನ್ನ ಪ್ಯಾಂಟು ಮೊಣಕಾಲ ತನಕ ಕೆಸರಾಗಿತ್ತು. ಸಣ್ಣ ಟೆಸ್ಟರ್ ಇನ್ನೂ ಕೈಯಲ್ಲೇ ಇತ್ತು. ಅವಳು ನನ್ನ ಕಾಲು ನೋಡಿದಳು, ನನ್ನ ಕೈ ನೋಡಿದಳು, ತಿರುಗಿ ಬೋರ್ಡು ನೋಡಿದಳು. ಅವಳ ಮುಖದಿಂದ ನಗು ಇಳಿದುಹೋಗುವುದನ್ನು ನಾನು ನಿಂತು ನೋಡಿದೆ. ಅಂಥ ನೋಟ ಯಾವ ಗಂಡನಿಗೂ ಬೇಡ.

"ಮುಗ್ದಿರ್ಲಿಲ್ವಾ?" ಎಂದಳು, ತೀರಾ ಮೆಲ್ಲಗೆ.

"ಮುಗ್ದಿತ್ತು ಕಣೇ. ಸುಮ್ನೆ ಇನ್ನೊಂದ್ಸಲ ನೋಡಕ್ಕೆ ಬಂದೆ," ಎಂದೆ.

ಆ ಸುಳ್ಳನ್ನು ಅವಳು ನಂಬಲಿಲ್ಲ. ಶ್ರೀಧರ್ ಅವರಿಗೆ ಬೇರೆಯವರಿಂದ ಜೋಡಣೆ ಮುಗಿಸಿಕೊಡುವುದಾಗಿ ಹೇಳಿ, ಗುಂಡಿಗೆ ಹಲಗೆ ಮುಚ್ಚಿಸಿ, ಫ್ಯೂಸುಗಳನ್ನು ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ. ಅವಳ ಚೀಲದ ಬದಲು ನನ್ನ ಜೇಬಿಗೆ. ಅವಳು ಅದನ್ನೂ ನೋಡಿದಳು.

ಆಟೋ ಹಿಡಿದೆವು. ಮನೆಗೆ ಬಂದು ನಾನು ಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಅಷ್ಟು ಸ್ಪಷ್ಟವಾಗಿ, ಅಷ್ಟು ಉದ್ದವಾಗಿ ಅವಳು ಮಾತಾಡಿದ್ದು ಅದೇ ಕೊನೆಯೇನೋ.

"ನಂಗೆ ತುಂಬಾ ದಿನದಿಂದ ಗೊತ್ತಿತ್ತು ಕಣ್ರೀ. ಕ್ಲಿಪ್ ಕೈಯಲ್ಲಿ ಹಿಡ್ಕೊಂಡು ನಿಂತಿರ್ತಿದ್ದೆ. ಸೇರ್ಸು ಅಂದ್ರೋ ಬಿಚ್ಚು ಅಂದ್ರೋ ಅಷ್ಟರಲ್ಲೇ ಮರ್ತೋಗ್ತಿತ್ತು. ಇನ್ನೊಂದ್ಸಲ ಕೇಳೋಕೆ ಭಯ. ನೀವೇನಂತೀರೋ ಅದನ್ನೇ ತಿರುಗಿಸಿ ಹೇಳ್ಬಿಡ್ತಿದ್ದೆ. ಬಾಯಿ ಹೇಳ್ತಿತ್ತು, ಕೈ ಮಾಡ್ತಿರ್ಲಿಲ್ಲ."

ತಿರುಗಿ ಹೇಳಬೇಕೆಂಬ ನನ್ನ ಕಟ್ಟಳೆಯೇ ಅವಳ ಮರೆವನ್ನು ಮುಚ್ಚಿಟ್ಟಿತ್ತು. ನನ್ನ ಮಾತನ್ನು ನನಗೇ ಒಪ್ಪಿಸುತ್ತಿದ್ದವಳನ್ನು ನಾನು ಆ ತುದಿಯಿಂದ ಬರುವ ಸಾಕ್ಷಿ ಎಂದುಕೊಂಡಿದ್ದೆ.

"ಮೊದಲೇ ಹೇಳ್ಬಾರ್ದಿತ್ತೇನೇ," ಎಂದೆ.

"ಹೇಳಿದ್ರೆ ಮನೇಲಿ ಬಿಟ್ಟು ಹೋಗ್ತಿದ್ರಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹತ್ತಿರ ಬಂದು, ನನ್ನ ಎಡಗೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು.

"ಇನ್ಮೇಲೆ ನಾನು ಏನು ಹೇಳಿದ್ರೂ ನಂಬ್ಬೇಡಿ. ನಿಮ್ಮ ದಮ್ಮಯ್ಯ. ನೀವೇ ಟೆಸ್ಟ್ ಮಾಡ್ಕೊಳ್ಳಿ," ಎಂದಳು.

ಅವಳ ಮಾತನ್ನು ನಂಬುವುದು ಬಿಟ್ಟರೆ ಮದುವೆಯಲ್ಲಿ ಇನ್ನೇನು ಉಳಿಯುತ್ತದೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಅವಳನ್ನು ತಬ್ಬಿಕೊಂಡು ಅತ್ತೆ. ಸಹನಾ ಕೆಲಸದಿಂದ ಬಂದು ಬಾಗಿಲಲ್ಲಿ ನಮ್ಮಿಬ್ಬರನ್ನು ನೋಡಿದವಳು ಟೀಗೆ ನೀರಿಟ್ಟಳು.

ಡಾಕ್ಟರ್ ಹತ್ತಿರ ಹೋದೆವು. ಅವರು ತಲೆಯ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ವಿವರಿಸಿದರು. ಸರಿಯಾಗುವುದಿಲ್ಲ, ನಿಧಾನ ಮಾಡಬಹುದು ಎಂದರು. ಎಲ್ಲಿ ಎಂದು ಗೊತ್ತಾದ ಮೇಲೆ ಅಗೆದು ಸರಿಮಾಡುವುದಷ್ಟೇ ನನಗೆ ಗೊತ್ತಿದ್ದ ವಿದ್ಯೆ. ಎಲ್ಲಿ ಎಂದು ಗೊತ್ತಾದ ಮೇಲೂ ಸುಮ್ಮನೆ ಕೂತು ನೋಡಬೇಕಾದದ್ದು ಅದೇ ಮೊದಲು. ಆ ಮಳೆಗಾಲ ಮುಗಿಯುವ ಮೊದಲೇ ನಾನು ಕೆಲಸ ಬಿಟ್ಟೆ. ಇನ್ನೊಬ್ಬರನ್ನು ಇಟ್ಟುಕೊಳ್ಳಬಹುದಿತ್ತು ಎಂದು ಎಲ್ಲರೂ ಹೇಳಿದರು. ನಿಜ. ಆದರೆ ಫೋನಿನ ಆ ಕಡೆ ಬೇರೆ ದನಿ ಕೇಳಿಕೊಂಡು ಗುಂಡಿಗೆ ಇಳಿಯುವ ಮನಸ್ಸು ನನಗಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಗಿರಿಜಾ ಒಂದೊಂದೇ ಬಿಟ್ಟುಕೊಟ್ಟಳು. ಬೀದಿಯ ದಾರಿ ಹೋಯಿತು, ಹೊಲಿಗೆ ಹೋಯಿತು. ಸಹನಾಳನ್ನು ಕೆಲವು ದಿನ ತನ್ನ ತಂಗಿ ಎಂದುಕೊಳ್ಳುತ್ತಾಳೆ. ಹೋದ ದೀಪಾವಳಿಯ ಆಸುಪಾಸಿನಲ್ಲಿ ನನ್ನನ್ನು 'ಸಾರ್' ಎಂದು ಕರೆಯತೊಡಗಿದಳು. ಊಟ ಬಡಿಸಿದರೆ "ನಿಮಗೆ ಯಾಕೆ ತೊಂದರೆ ಸಾರ್" ಎನ್ನುತ್ತಾಳೆ. ಮೊದಮೊದಲು ನಾನು ಯಾರೆಂದು ಹೇಳುತ್ತಿದ್ದೆ. ಹೇಳಿದಾಗಲೆಲ್ಲ ಅವಳು ಗಾಬರಿಯಾಗುತ್ತಿದ್ದಳು. ಅದಕ್ಕೇ ಹೇಳುವುದು ಬಿಟ್ಟೆ. ಸಾರ್ ಆಗಿಯೇ ತಲೆ ಬಾಚುತ್ತೇನೆ, ಮಾತ್ರೆ ಕೊಡುತ್ತೇನೆ.

ಈ ವರ್ಷದ ಮಳೆ ಶುರುವಾದ ಮೇಲೆ ಒಂದು ಸಂಜೆ, ಸಹನಾ ಹಾಲು ತರಲು ಹೋಗಿದ್ದಳು. ಮೋಡ ಕವಿದು ಮನೆಯೊಳಗೆ ಕತ್ತಲಾಗಿತ್ತು. ಲೈಟ್ ಹಾಕಲು ಕೈ ಎತ್ತಿದೆ. ಗಿರಿಜಾ ಎಲ್ಲಿದ್ದಳೋ, ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಹಿಡಿತದಲ್ಲಿ ಹಿಂದಿನ ಬಲವೇ ಇತ್ತು.

"ಹಾಕ್ಬೇಡಿ ಸಾರ್. ಆ ಕಡೆ ನಮ್ಮೋರು ಕೆಲ್ಸ ಮಾಡ್ತಾ ಇದಾರೆ."

"ಯಾರಮ್ಮ?"

"ನಮ್ಮ ಯಜಮಾನ್ರು. ಅವ್ರು ಹೇಳೋಗಂಟ ಹಾಕೋ ಹಾಗಿಲ್ಲ."

ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಗೇಟು ದಾಟಿ ರಸ್ತೆಗೆ ಹೋಗಿ, ಮಳೆಹನಿಯಲ್ಲಿ ನಿಂತು, ಹಿಂದೆ ಫೋನಿನಲ್ಲಿ ಕೂಗುತ್ತಿದ್ದ ಹಾಗೇ ಕೂಗಿದೆ.

"ಗಿರಿಜಾ! ಕೆಲ್ಸ ಮುಗೀತು ಕಣೇ. ಹಾಕು!"

ಒಳಗಿನಿಂದ ಅವಳ ದನಿ ಬಂತು. "ಹಾಕ್ತಿದೀನಿ ರೀ! ನೀವು ಹುಷಾರಾಗಿ ಮೇಲೆ ಬನ್ನಿ!"

ಮನೆಯಲ್ಲಿ ಬೆಳಕಾಯಿತು. ಕಿಟಕಿಯಲ್ಲಿ ಅವಳು ಬಗ್ಗಿ ರಸ್ತೆ ನೋಡುತ್ತಿದ್ದಳು. ಒಳಗೆ ಕಾಲಿಟ್ಟರೆ ನಾನು ಮತ್ತೆ ಸಾರ್. ಸಹನಾ ಹಾಲು ತಗೊಂಡು ಬರುವ ತನಕ ನಾನು ಗೇಟಿನ ಆಚೆಯೇ ನೆನೆಯುತ್ತ ನಿಂತಿದ್ದೆ.